ವಿದ್ಯಾರ್ಥಿ ರಿಯಾಯಿತಿಗಳು: ಯಾವುದಕ್ಕೆ ಐಡಿ ಕಾರ್ಡ್ ತೋರಿಸಬೇಕು, ಯಾವುದನ್ನು ಬಿಟ್ಟುಬಿಡಬೇಕು

ನಾನು ಓದುತ್ತಿರುವುದು ಆರ್ಕಿಟೆಕ್ಚರ್. ಐದು ವರ್ಷದ ಕೋರ್ಸ್, ಈಗ ಕೊನೆಯ ವರ್ಷ. ಈ ಓದಿನಲ್ಲಿ ಫೀಸ್ ಕಟ್ಟಿದ ಮೇಲೆ ಶುರುವಾಗುವ ಖರ್ಚೇ ಜಾಸ್ತಿ. ದೊಡ್ಡ ಹಾಳೆಯ ಪ್ರಿಂಟ್, ಮಾಡೆಲ್ ಮಾಡಲು ಬೋರ್ಡ್, ಅಂಟು, ಬ್ಲೇಡ್, ಇವೆಲ್ಲದರ ಮೇಲೆ ಸಾಫ್ಟ್‌ವೇರ್. ಹಾಗಾಗಿ ಮೊದಲ ವರ್ಷದಿಂದಲೂ 'ವಿದ್ಯಾರ್ಥಿಗಳಿಗೆ ರಿಯಾಯಿತಿ' ಎಂದು ಕಂಡದ್ದನ್ನೆಲ್ಲ ಒಮ್ಮೆ ಬಿಚ್ಚಿ ನೋಡುತ್ತಾ ಬಂದಿದ್ದೇನೆ. ಕೆಲವು ನಿಜಕ್ಕೂ ಕೈ ಹಿಡಿದವು. ಕೆಲವು ಬೇಡದ್ದನ್ನು ಕೊಳ್ಳುವ ಆಸೆ ಹುಟ್ಟಿಸುವಂಥವು. ಜೂನಿಯರ್‌ಗಳು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ, ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಅಳೆಯುವ ರೀತಿ ಎಲ್ಲದಕ್ಕೂ ಒಂದೇ. ರಿಯಾಯಿತಿ ಇಲ್ಲದಿದ್ದರೂ ಇದು ನನಗೆ ಬೇಕಿತ್ತಾ? ಈ ರಿಯಾಯಿತಿ ಯಾವತ್ತು ಮುಗಿಯುತ್ತದೆ, ಮುಗಿದ ಮೇಲೆ ಏನಾಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಶೇಕಡಾ ಎಷ್ಟು ಕಡಿತ ಅನ್ನುವುದನ್ನು ಆಮೇಲೆ ನೋಡಬಹುದು.

ಮೊದಲು ಆಟೋಡೆಸ್ಕ್, ನಕ್ಷೆ ಮತ್ತು 3ಡಿ ವಿನ್ಯಾಸದ ಸಾಫ್ಟ್‌ವೇರ್ ಮಾಡುವ ಕಂಪನಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಯಾವುದರಿಂದಲೂ ಆಗಿಲ್ಲ. ಅದರ ಆಟೋಕ್ಯಾಡ್, ರೆವಿಟ್, ಮಾಯಾ, ಫ್ಯೂಷನ್, ಇವೆಲ್ಲ ವಿದ್ಯಾರ್ಥಿಗಳಿಗೆ ಪೂರ್ತಿ ಉಚಿತ. ಒಂದು ವರ್ಷಕ್ಕೆ ಕೊಡುತ್ತಾರೆ. ಓದು ಮುಂದುವರಿದಿದ್ದರೆ ಮತ್ತೆ ಒಂದು ವರ್ಷಕ್ಕೆ ನವೀಕರಿಸಬಹುದು. ಕತ್ತರಿಸಿ ಕೊಟ್ಟ ಆವೃತ್ತಿ ಅಲ್ಲ, ಆಫೀಸುಗಳಲ್ಲಿ ದುಡ್ಡು ಕೊಟ್ಟು ಬಳಸುವ ಸಾಫ್ಟ್‌ವೇರ್ ಇದೇ. ಹಿಂದೆಲ್ಲ ವಿದ್ಯಾರ್ಥಿ ಆವೃತ್ತಿಯ ಆಟೋಕ್ಯಾಡ್‌ನಲ್ಲಿ ಪ್ರಿಂಟ್ ತೆಗೆದರೆ ಹಾಳೆಯ ಅಂಚಿನಲ್ಲಿ 'ಇದು ವಿದ್ಯಾರ್ಥಿ ಆವೃತ್ತಿಯಲ್ಲಿ ಮಾಡಿದ್ದು' ಎಂಬ ಸಾಲು ತಾನಾಗಿ ಬೀಳುತ್ತಿತ್ತು. ಹಳೆಯ ಸೀನಿಯರ್‌ಗಳು ಈಗಲೂ ಅದರ ಬಗ್ಗೆ ಎಚ್ಚರಿಸುತ್ತಾರೆ. ಈಗಿನ ಆವೃತ್ತಿಗಳಲ್ಲಿ ಆ ಸಾಲು ಬರುವುದಿಲ್ಲ, ಹೆದರಬೇಡಿ.

ಆದರೆ ಷರತ್ತು ಒಂದಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಈ ಲೈಸೆನ್ಸ್ ಕಲಿಕೆಗೆ ಮಾತ್ರ. ಪರಿಚಯದವರ ಮನೆಗೆ ಪ್ಲಾನ್ ಹಾಕಿಕೊಟ್ಟು ದುಡ್ಡು ತೆಗೆದುಕೊಳ್ಳುವುದಾದರೆ ಇದನ್ನು ಬಳಸುವಂತಿಲ್ಲ. ಸಣ್ಣಪುಟ್ಟ ಕೆಲಸ ಮಾಡಿ ಖರ್ಚಿಗೆ ದಾರಿ ಮಾಡಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ಅವರಿಗೆ ಇದು ಗೊತ್ತಿರಬೇಕು.

ಇನ್ನೊಂದು ಮಾತು, ಇದು ದುಡ್ಡಿಗಿಂತ ನಿದ್ದೆ ಉಳಿಸುವ ಮಾತು. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಆಗುವುದಿಲ್ಲ. ಗ್ರೂಪ್ ಪ್ರಾಜೆಕ್ಟ್ ಇದ್ದರೆ ಎಲ್ಲರೂ ಒಂದೇ ವರ್ಷದ ಆವೃತ್ತಿ ಹಾಕಿಕೊಳ್ಳಿ. ಉಚಿತವಾಗಿ ಸಿಗುತ್ತದೆ ಎಂದು ಒಬ್ಬರು ಮಧ್ಯದಲ್ಲಿ ಹೊಸದಕ್ಕೆ ಹೋದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು.

ಈಗ ಪರಿಶೀಲನೆಯ ವಿಷಯ. ಜಾಸ್ತಿ ಜನ ಇಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ನೀವು ವಿದ್ಯಾರ್ಥಿ ಹೌದೋ ಅಲ್ಲವೋ ಎಂದು ನೋಡುವ ಕೆಲಸವನ್ನು ಕೆಲವು ಕಂಪನಿಗಳು ತಾವೇ ಮಾಡುತ್ತವೆ, ಕೆಲವು ಬೇರೆಯವರಿಗೆ ಒಪ್ಪಿಸುತ್ತವೆ. ಸ್ಪಾಟಿಫೈ ಮತ್ತು ಯೂಟ್ಯೂಬ್ ಶೀರ್‌ಐಡಿ ಎಂಬ ಸಂಸ್ಥೆಗೆ ಒಪ್ಪಿಸಿವೆ. ವಿಶ್ವವಿದ್ಯಾಲಯದ ಇಮೇಲ್ ಅಥವಾ ಲಾಗಿನ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಅದು ಇಲ್ಲದಿದ್ದರೆ ದಾಖಲೆಯ ಫೋಟೋ ಕೇಳುತ್ತಾರೆ. ಆಗ ಎಲ್ಲರೂ ಜೇಬಿನಿಂದ ಐಡಿ ಕಾರ್ಡ್ ತೆಗೆದು, ಟ್ಯೂಬ್‌ಲೈಟ್ ಕೆಳಗೆ ಹಿಡಿದು ಫೋಟೋ ಹೊಡೆಯುತ್ತಾರೆ. ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದು ಹೆಸರಿನ ಅರ್ಧ ಬಿಳಿಯಾಗಿರುತ್ತದೆ. ಕಾರ್ಡ್‌ನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಖಾತೆಯಲ್ಲಿ ಪೂರ್ತಿ ಹೆಸರು. ಈ ವರ್ಷ ಓದುತ್ತಿದ್ದೀರಿ ಎನ್ನಲು ಕಾರ್ಡ್ ಮೇಲೆ ತಾರೀಖೇ ಇಲ್ಲ. ಅರ್ಜಿ ತಿರಸ್ಕಾರ ಆಗುವುದು ಬಹುಪಾಲು ಇಂಥ ಕಾರಣಗಳಿಗೆ.

ಐಡಿ ಕಾರ್ಡ್‌ಗಿಂತ ಈ ಸೆಮಿಸ್ಟರ್‌ನ ಫೀಸ್ ರಸೀದಿ ಅಥವಾ ಕಚೇರಿಯಿಂದ ಕೊಡುವ ವ್ಯಾಸಂಗ ಪ್ರಮಾಣಪತ್ರ ಒಳ್ಳೆಯದು. ಅದರಲ್ಲಿ ಮೂರು ವಿಷಯ ಕಣ್ಣಿಗೆ ಕಾಣಬೇಕು: ನಿಮ್ಮ ಪೂರ್ತಿ ಹೆಸರು, ಸಂಸ್ಥೆಯ ಹೆಸರು, ಇತ್ತೀಚಿನ ತಾರೀಖು. ಅದನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ನಲ್ಲಿ ಇಟ್ಟುಬಿಡಿ, ವರ್ಷವಿಡೀ ಬಳಕೆಗೆ ಬರುತ್ತದೆ. ನಾನು ಬಳಸಿದ ಒಂದು ಸೇವೆ, ಹೆಸರು ಬೇಡ, ಸರಿಯಾದ ದಾಖಲೆಯನ್ನೂ ಮತ್ತೆ ಮತ್ತೆ ವಾಪಸ್ ಕಳಿಸಿತು. ಯಾಕೆ ಎಂದು ಹೇಳಲೂ ಇಲ್ಲ. ಸಹಾಯವಾಣಿಗೆ ಬರೆದರೆ ಅದೇ ಸಿದ್ಧ ಉತ್ತರ. ಕಾರಣ ಹೇಳದೆ ತಿರಸ್ಕರಿಸುವುದು ನನಗೆ ತುಂಬಾ ಬೇಸರ ತರಿಸುವ ವಿಷಯ. ವಿದ್ಯಾರ್ಥಿಗಳಿಗೆ ಎಂದು ದೊಡ್ಡದಾಗಿ ಬರೆದುಕೊಂಡ ಮೇಲೆ, ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟು ಜನ ಇರಬೇಕು ಅಲ್ವಾ?

ಗಿಟ್‌ಹಬ್ ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ. ಅದರ ಸ್ಟೂಡೆಂಟ್ ಡೆವಲಪರ್ ಪ್ಯಾಕ್ 2014ರಲ್ಲಿ ಶುರುವಾದದ್ದು. ಕೋಡ್ ಬರೆಯುವವರಿಗೆ ಮಾತ್ರ ಎಂದು ನಮ್ಮ ವಿಭಾಗದವರು ಇದರ ಕಡೆ ನೋಡುವುದೇ ಇಲ್ಲ. ನಾನು ನನ್ನ ಪೋರ್ಟ್‌ಫೋಲಿಯೊ ವೆಬ್‌ಸೈಟ್‌ಗಾಗಿ ತೆಗೆದುಕೊಂಡೆ. ಒಮ್ಮೆ ವಿದ್ಯಾರ್ಥಿ ಎಂದು ಗಿಟ್‌ಹಬ್ ಒಪ್ಪಿದರೆ ಬೇರೆ ಬೇರೆ ಕಂಪನಿಗಳ ಕೊಡುಗೆಗಳು ಒಂದೇ ಬಾಗಿಲಲ್ಲಿ ಸಿಗುತ್ತವೆ. ಪಟ್ಟಿ ಆಗಾಗ ಬದಲಾಗುತ್ತದೆ, ಹಾಗಾಗಿ ಇಂಥದ್ದು ಸಿಕ್ಕೇ ಸಿಗುತ್ತದೆ ಎಂದು ಹೇಳುವುದಿಲ್ಲ. ಡೊಮೇನ್ ಹೆಸರು ಒಂದು ವರ್ಷಕ್ಕೆ ಉಚಿತ ಎಂಬ ಬಗೆಯ ಕೊಡುಗೆ ಇದ್ದರೆ ಒಂದು ಕ್ಷಣ ಯೋಚಿಸಿ. ಎರಡನೆಯ ವರ್ಷದಿಂದ ಪೂರ್ತಿ ದರ. ನಿಮ್ಮ ರೆಸ್ಯೂಮೆಯಲ್ಲಿ ಆ ವಿಳಾಸ ಹಾಕಿಬಿಟ್ಟಿರುತ್ತೀರಿ, ಕೈಬಿಡಲು ಮನಸ್ಸು ಬರುವುದಿಲ್ಲ. ಮುಂದಿನ ವರ್ಷಗಳ ದರ ಕೊಡಲು ತಯಾರಿದ್ದರೆ ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಗಿಟ್‌ಹಬ್ ಪೇಜಸ್ ಕೊಡುವ ವಿಳಾಸವೇ ಸಾಕು. ಅದು ಎಲ್ಲರಿಗೂ ಉಚಿತ, ವಿದ್ಯಾರ್ಥಿ ಆಗಿರಬೇಕೆಂದೂ ಇಲ್ಲ.

ಕೋಡಿಂಗ್ ಮಾಡುವ ಗೆಳೆಯರು ಜೆಟ್‌ಬ್ರೇನ್ಸ್ ಬಗ್ಗೆ ತುಂಬಾ ಒಳ್ಳೆಯ ಮಾತಾಡುತ್ತಾರೆ. ಅದರ ಪೈಚಾರ್ಮ್, ಇಂಟೆಲಿಜೆ ಎಂಬ ಕೋಡ್ ಬರೆಯುವ ಸಾಫ್ಟ್‌ವೇರ್ ಎಲ್ಲ ಓದುವಷ್ಟು ಕಾಲ ಉಚಿತ, ವರ್ಷಕ್ಕೊಮ್ಮೆ ನವೀಕರಣ, ವಾಣಿಜ್ಯ ಬಳಕೆ ಇಲ್ಲ. ಮೈಕ್ರೋಸಾಫ್ಟ್‌ನ ಅಜೂರ್ ಫಾರ್ ಸ್ಟೂಡೆಂಟ್ಸ್ (ಅಜೂರ್ ಅಂದರೆ ಇಂಟರ್ನೆಟ್ ಮೂಲಕ ಕಂಪ್ಯೂಟರ್ ಬಾಡಿಗೆಗೆ ಕೊಡುವ ಸೇವೆ) 100 ಡಾಲರ್ ಕ್ರೆಡಿಟ್ ಕೊಡುತ್ತದೆ, 12 ತಿಂಗಳಿಗೆ. ಇದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ ಕ್ರೆಡಿಟ್ ಕಾರ್ಡ್ ನಂಬರ್ ಕೇಳುವುದಿಲ್ಲ. ಕಾರ್ಡ್ ಕೇಳದೆ ಕೊಟ್ಟದ್ದು ಮುಗಿದಾಗ ಸುಮ್ನೆ ನಿಂತುಹೋಗುತ್ತದೆ. ಕಾರ್ಡ್ ತೆಗೆದುಕೊಂಡು ಕೊಟ್ಟದ್ದು ಮುಗಿದಾಗ ಬಿಲ್ ಆಗಿ ಬರುತ್ತದೆ. ಯಾವುದೇ 'ಉಚಿತ ಪ್ರಯೋಗ'ದಲ್ಲಿ ನಾನು ಮೊದಲು ಹುಡುಕುವುದು ಈ ಕಾರ್ಡ್ ನಂಬರ್ ತುಂಬುವ ಜಾಗವನ್ನು.

ಅಡೋಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಸ್ಟುಡಿಯೋದಲ್ಲಿ ಫೋಟೋಶಾಪ್, ಇನ್‌ಡಿಸೈನ್ ಇಲ್ಲದೆ ಶೀಟ್ ತಯಾರಾಗುವುದಿಲ್ಲ ಎಂಬ ನಂಬಿಕೆ ಇದೆ. ಇವೆಲ್ಲ ಒಟ್ಟಿಗೆ ಸಿಗುವ ಕ್ರಿಯೇಟಿವ್ ಕ್ಲೌಡ್ ಚಂದಾದ ವಿದ್ಯಾರ್ಥಿ ದರ ಮಾಮೂಲಿ ದರಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಅದರ ಸ್ವರೂಪ ನೋಡಿ. ವಾರ್ಷಿಕ ಒಪ್ಪಂದ, ತಿಂಗಳಿಗೊಮ್ಮೆ ಪಾವತಿ. ತಿಂಗಳ ಲೆಕ್ಕ ಕಂಡು, ಬೇಡವಾದಾಗ ಬಿಡಬಹುದು ಅಂದುಕೊಳ್ಳುತ್ತೇವೆ. ಮೊದಲ 14 ದಿನ ಕಳೆದ ಮೇಲೆ ಬಿಟ್ಟರೆ, ವರ್ಷದಲ್ಲಿ ಉಳಿದ ಮೊತ್ತದ ಅರ್ಧವನ್ನು ಕೇಳುವ ನಿಯಮ ಇಂಥ ಒಪ್ಪಂದಗಳಲ್ಲಿ ಇದೆ. ಈ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತೋರಿಸುತ್ತಿಲ್ಲ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮುಂದಿಟ್ಟ ದೂರಿನ ಮೇಲೆ 2024ರ ಜೂನ್‌ನಲ್ಲಿ ಅಡೋಬಿ ವಿರುದ್ಧ ಅಲ್ಲಿನ ಕೋರ್ಟಿನಲ್ಲಿ ಮೊಕದ್ದಮೆಯೂ ಆಯಿತು. ಅಂದರೆ ಇದು ವಿದ್ಯಾರ್ಥಿಗಳಿಗೆ ಮಾತ್ರ ಗೊಂದಲ ತಂದ ವಿಷಯ ಅಲ್ಲ. ಜೊತೆಗೆ, ವಿದ್ಯಾರ್ಥಿ ದರದಲ್ಲೂ ಮೊದಲ ವರ್ಷದ ದರ ಒಂದು, ಆಮೇಲಿನದು ಇನ್ನೊಂದು ಇರಬಹುದು. ಸಣ್ಣ ಅಕ್ಷರ ಓದಿ.

ನನ್ನ ತೀರ್ಪು: ವರ್ಷಪೂರ್ತಿ ದಿನಾ ಬಳಸುವವರಿಗೆ ಅಡೋಬಿ ವಿದ್ಯಾರ್ಥಿ ಪ್ಲಾನ್ ಸರಿ. ಸೆಮಿಸ್ಟರ್ ಕೊನೆಯ ಸಬ್ಮಿಷನ್‌ಗೆ ಮಾತ್ರ ಬೇಕು ಅನ್ನುವವರಿಗೆ ಬೇಡ. ಅವರು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ಗೆ ಹೋಗಲಿ, ಬಹಳ ಕಡೆ ಅಲ್ಲಿ ಇದು ಇರುತ್ತದೆ. ಇಲ್ಲವೇ ಇದೇ ಬಗೆಯ ಕೆಲಸ ಮಾಡುವ, ಎಲ್ಲರಿಗೂ ಉಚಿತವಾದ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಕಲಿಯಲಿ. ಕಲಿಯಲು ಸಮಯ ಹಿಡಿಯುತ್ತದೆ, ನಿಜ. ಆದರೆ ಓದು ಮುಗಿದ ಮರುದಿನ ಅವು ಕೈಬಿಟ್ಟು ಹೋಗುವುದಿಲ್ಲ. 3ಡಿ ರೆಂಡರ್‌ಗೆ ಬ್ಲೆಂಡರ್ ನನ್ನ ಇಷ್ಟದ್ದು. ಅದಕ್ಕೆ ರಿಯಾಯಿತಿಯೇ ಬೇಕಿಲ್ಲ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಯಾವ ಸಾಫ್ಟ್‌ವೇರ್‌ಗೂ ದುಡ್ಡು ಕೊಡುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ಐಟಿ ವಿಭಾಗವನ್ನು ಕೇಳಿ. ಗಣಿತದ ಲೆಕ್ಕಾಚಾರದ ಸಾಫ್ಟ್‌ವೇರ್ ಆದ ಮ್ಯಾಟ್‌ಲ್ಯಾಬ್‌ಗೆ ಇಡೀ ಕ್ಯಾಂಪಸ್‌ಗೆ ಅನ್ವಯಿಸುವ ಲೈಸೆನ್ಸ್ ಎಂಬುದೇ ಇದೆ, ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪ್‌ನಲ್ಲೂ ಹಾಕಿಕೊಳ್ಳಬಹುದು. ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಬರೆಯುವ ಓವರ್‌ಲೀಫ್‌ನ ದುಡ್ಡಿನ ಆವೃತ್ತಿಯನ್ನೂ ಹಲವು ವಿಶ್ವವಿದ್ಯಾಲಯಗಳು ಕೊಂಡಿರುತ್ತವೆ. ವಿದ್ಯಾಸಂಸ್ಥೆಗಳಿಗೆ ಆಫೀಸ್ 365 ವೆಬ್ ಆವೃತ್ತಿ ಉಚಿತ. ಇವೆಲ್ಲ ಫೀಸ್‌ನಲ್ಲೇ ಸೇರಿಹೋಗಿರುವ ಸೌಲಭ್ಯಗಳು, ಯಾರೂ ಕೂಗಿ ಹೇಳುವುದಿಲ್ಲ. ಐಟಿ ವಿಭಾಗದ ನೋಟಿಸನ್ನು ಯಾವ ವಿದ್ಯಾರ್ಥಿಯೂ ಓದುವುದಿಲ್ಲವಲ್ಲ.

ಈಗ ಕೂಪನ್ ಆ್ಯಪ್‌ಗಳು. ಯುನಿಡೇಸ್, ಸ್ಟೂಡೆಂಟ್ ಬೀನ್ಸ್. ಎರಡೂ ಬ್ರಿಟನ್‌ನಲ್ಲಿ ಹುಟ್ಟಿದವು. ಸ್ಟೂಡೆಂಟ್ ಬೀನ್ಸ್ 2005ರದ್ದು, ಯುನಿಡೇಸ್ 2011ರದ್ದು. ಒಮ್ಮೆ ವಿದ್ಯಾರ್ಥಿ ಎಂದು ತೋರಿಸಿದರೆ ಬಟ್ಟೆ, ಶೂ, ಗ್ಯಾಜೆಟ್, ಪ್ರವಾಸ ಎಲ್ಲದಕ್ಕೂ ಕೋಡ್ ಕೊಡುತ್ತವೆ. ವಿದ್ಯಾರ್ಥಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಂಗಡಿಗಳು ಕೊಡುತ್ತವೆ. ಅಂಗಡಿ ಯಾಕೆ ಕೊಡುತ್ತದೆ? ಪೂರ್ತಿ ದರ ಕೇಳಿದರೆ ವಿದ್ಯಾರ್ಥಿ ಬರುವುದಿಲ್ಲ, ಕಡಿಮೆ ದರಕ್ಕಾದರೂ ಬಂದರೆ ಲಾಭವೇ. ಕೆಲಸ ಸಿಕ್ಕ ಮೇಲೂ ಅದೇ ಬ್ರ್ಯಾಂಡ್ ಹುಡುಕಿಕೊಂಡು ಬರುವ ಅಭ್ಯಾಸ ಆಗಿರುತ್ತದೆ. ಸಾಫ್ಟ್‌ವೇರ್ ಕಂಪನಿಗಳ ಲೆಕ್ಕವೂ ಇದೇ, ಮುಚ್ಚುಮರೆ ಏನಿಲ್ಲ. ರೆವಿಟ್ ಕಲಿತವರು ಆಫೀಸಿಗೆ ಹೋಗಿ ರೆವಿಟ್ಟೇ ಕೇಳುತ್ತಾರೆ. ವ್ಯತ್ಯಾಸ ಏನೆಂದರೆ ಸಾಫ್ಟ್‌ವೇರ್‌ನಲ್ಲಿ ನನಗೆ ಒಂದು ಕಸುಬು ಸಿಕ್ಕಿತು. ಕೂಪನ್‌ನಲ್ಲಿ ಸಿಗುವುದು ಇನ್ನೊಂದು ಜೊತೆ ಶೂ.

ಈ ಆ್ಯಪ್‌ಗಳನ್ನು ಸುಮ್ನೆ ತೆರೆದು ನೋಡುತ್ತಾ ಕೂತರೆ ದುಡ್ಡು ಖರ್ಚಾಗುತ್ತದೆ. ಏನೋ ಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಿ, ಆಮೇಲೆ ಕೋಡ್ ಹುಡುಕಿದರೆ ಉಳಿಯುತ್ತದೆ. ಒಂದು ಉದಾಹರಣೆ. ಡ್ರಾಯಿಂಗ್ ಶೀಟ್ ಮತ್ತು ಲ್ಯಾಪ್‌ಟಾಪ್ ಎರಡೂ ಹಿಡಿಯುವ ಒಂದು ಬ್ಯಾಗ್ ನನಗೆ ಬೇಕಿತ್ತು. ಆನ್‌ಲೈನ್ ಅಂಗಡಿಯೊಂದರಲ್ಲಿ ವಿದ್ಯಾರ್ಥಿ ಕೋಡ್ ಇತ್ತು. ಬ್ಯಾಗನ್ನು ಕಾರ್ಟ್‌ಗೆ ಹಾಕಿ, ಕೋಡ್ ಟೈಪ್ ಮಾಡಿದೆ. ಮೊತ್ತ ಇಳಿಯುವ ಬದಲು ಏರಿತು! ನೋಡಿದರೆ, ಆ ಬ್ಯಾಗ್ ಮೇಲೆ ಆಗಲೇ ಎಲ್ಲರಿಗೂ ಅನ್ವಯಿಸುವ ಸೇಲ್ ದರ ಇತ್ತು. ವಿದ್ಯಾರ್ಥಿ ಕೋಡ್ ಹಾಕಿದ ತಕ್ಷಣ ಸೇಲ್ ದರ ತೆಗೆದುಹಾಕಿ, ಮೂಲ ದರದ ಮೇಲೆ ಶೇಕಡಾ 10 ಕಳೆದಿದ್ದರು. ಸೇಲ್‌ನಲ್ಲಿ ಇದ್ದದ್ದು ಅದಕ್ಕಿಂತ ಹೆಚ್ಚಿನ ಕಡಿತ. ಕೋಡ್ ಪಕ್ಕದಲ್ಲಿದ್ದ ಪುಟ್ಟ ಗುಣಿಸು ಗುರುತನ್ನು ಒತ್ತಿ ತೆಗೆದೆ, ಹಳೆಯ ಮೊತ್ತ ವಾಪಸ್ ಬಂತು. ಈ ಅಂಗಡಿಯ ಮೇಲೆ ನನ್ನ ದೂರು ಇಷ್ಟೇ: ಕಡಿಮೆ ದರ ಯಾವುದು ಎಂದು ಅವರ ಕಂಪ್ಯೂಟರ್‌ಗೆ ಗೊತ್ತಿತ್ತು, ಅದು ನನಗೆ ಹೇಳಲಿಲ್ಲ. ಆದ್ದರಿಂದ ಕೋಡ್ ಹಾಕುವ ಮುಂಚಿನ ಮೊತ್ತ, ಹಾಕಿದ ಮೇಲಿನ ಮೊತ್ತ, ಎರಡನ್ನೂ ಸಾಗಣೆ ಶುಲ್ಕದ ಸಮೇತ ನೋಡಿ. ಉಚಿತ ಸಾಗಣೆಯ ಮಿತಿಗಿಂತ ಕೆಳಗೆ ಮೊತ್ತ ಇಳಿದರೆ ಕಳೆದದ್ದೆಲ್ಲ ಅಲ್ಲೇ ಹೋಗುತ್ತದೆ.

ಇನ್ನೊಂದು ವಿಷಯ, ಈ ಆ್ಯಪ್‌ಗಳಿಗೆ ನಿಮ್ಮ ವಯಸ್ಸು, ಕೋರ್ಸ್, ಯಾವಾಗ ಓದು ಮುಗಿಯುತ್ತದೆ, ಏನು ಇಷ್ಟ, ಎಲ್ಲ ಗೊತ್ತಾಗುತ್ತಾ ಹೋಗುತ್ತದೆ. ಅದಕ್ಕೂ ಬೆಲೆ ಇದೆ. ನಾನು ನೋಟಿಫಿಕೇಷನ್ ಪೂರ್ತಿ ಬಂದ್ ಮಾಡಿದ್ದೇನೆ. ಬೇಕಾದಾಗ ನಾನೇ ಹೋಗುತ್ತೇನೆ, ಅವರು ಕರೆಯುವುದು ಬೇಡ.

ಹಾಡಿನ ಸೇವೆಗಳ ಬಗ್ಗೆ ಚಿಕ್ಕದಾಗಿ. ಸ್ಪಾಟಿಫೈ, ಯೂಟ್ಯೂಬ್ ಪ್ರೀಮಿಯಂ ವಿದ್ಯಾರ್ಥಿ ಪ್ಲಾನ್‌ಗಳು ಚೆನ್ನಾಗಿವೆ. ಪ್ರತಿ ವರ್ಷ ಮತ್ತೆ ದಾಖಲೆ ಕೊಡಬೇಕು, ಮರೆತರೆ ಪೂರ್ತಿ ದರಕ್ಕೆ ಹೋಗುತ್ತದೆ. ಒಟ್ಟು ನಾಲ್ಕು ವರ್ಷ ಮಾತ್ರ. ನಮ್ಮಂಥ ಐದು ವರ್ಷದ ಕೋರ್ಸಿನವರು, ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೋಗುವವರು ಈ ನಾಲ್ಕು ವರ್ಷವನ್ನು ಯಾವಾಗ ಶುರು ಮಾಡಬೇಕೆಂದು ಯೋಚಿಸಿ. ಮನೆಯಲ್ಲಿ ನಾಲ್ಕೈದು ಜನ ಕೇಳುವವರಿದ್ದರೆ ಫ್ಯಾಮಿಲಿ ಪ್ಲಾನ್ ತಲೆಗೆ ಇನ್ನೂ ಅಗ್ಗ ಬೀಳಬಹುದು. ಭಾಗಿಸಿ ನೋಡಿ.

ಐಸಿಕ್ ಕಾರ್ಡ್, ಅಂದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ, ದುಡ್ಡು ಕೊಟ್ಟು ಮಾಡಿಸಬೇಕಾದದ್ದು. ಯುನೆಸ್ಕೋ ಮಾನ್ಯತೆ ಇದೆ. ಬೇರೆ ದೇಶಕ್ಕೆ ಓದಲು, ಸುತ್ತಲು ಹೋಗುವವರಿಗೆ, ಅದರಲ್ಲೂ ಸ್ವಂತ ಕಾಲೇಜಿನ ಕಾರ್ಡ್ ಅಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಇದ್ದರೆ, ಇದು ಉಪಯೋಗ. ಮ್ಯೂಸಿಯಂ, ರೈಲು, ಹಾಸ್ಟೆಲ್ ಇವುಗಳಲ್ಲಿ ಎರಡು ಮೂರು ಕಡೆ ಕಡಿತ ಸಿಕ್ಕರೂ ಕೊಟ್ಟದ್ದು ಬರುತ್ತದೆ. ಊರು ಬಿಟ್ಟು ಕದಲದ ವರ್ಷದಲ್ಲಿ ಮಾಡಿಸುವುದು ದಂಡ.

ಯಾವ ಆ್ಯಪ್‌ನಲ್ಲೂ ಇಲ್ಲದ ರಿಯಾಯಿತಿ ಬಾಯಿಬಿಟ್ಟು ಕೇಳಿದರೆ ಸಿಗುವುದು. ಪ್ರಿಂಟ್ ಅಂಗಡಿ, ಮಾಡೆಲ್ ಸಾಮಾನಿನ ಅಂಗಡಿ, ಲೇಸರ್ ಕಟಿಂಗ್, ಇಲ್ಲೆಲ್ಲ ಬೋರ್ಡ್ ಹಾಕಿರುವುದಿಲ್ಲ. ಆರ್ಡರ್ ಕೊಡುವ ಮೊದಲು 'ವಿದ್ಯಾರ್ಥಿಗಳಿಗೆ ಏನಾದರೂ ಕಡಿಮೆ ಇದೆಯಾ?' ಎಂದು ಕೇಳಿ. ಇಡೀ ತರಗತಿ ಸೇರಿ ಒಟ್ಟಿಗೆ ಪ್ರಿಂಟ್ ಕೊಟ್ಟರೆ ಚೌಕಾಸಿಗೆ ಬಲ ಬರುತ್ತದೆ. ಸಬ್ಮಿಷನ್ ಹಿಂದಿನ ರಾತ್ರಿ ಹೋದವರಿಗೆ ಯಾರೂ ಕಡಿಮೆ ಮಾಡುವುದಿಲ್ಲ, ಎರಡು ದಿನ ಮೊದಲು ಹೋದವರಿಗೆ ಮಾಡುತ್ತಾರೆ.

ಪುಸ್ತಕಗಳಿಗೆ ಗ್ರಂಥಾಲಯದ ಮುಂದೆ ಯಾವ ಕೂಪನ್ನೂ ನಿಲ್ಲುವುದಿಲ್ಲ. ನಿಮ್ಮಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಬಹಳ ಕಡೆ ಇದೆ, ಕೌಂಟರ್‌ನಲ್ಲಿ ಕೇಳಿ. ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರದಂಥ ವಿಷಯಗಳಿಗೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪಠ್ಯಪುಸ್ತಕಗಳು ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ. ಉಲ್ಲೇಖಗಳನ್ನು ಜೋಡಿಸಿಡಲು ಜೋಟೆರೋ ಉಚಿತ.

ಲ್ಯಾಪ್‌ಟಾಪ್ ವಿಷಯ ಬಂದರೆ ಆಪಲ್, ಡೆಲ್, ಎಚ್‌ಪಿ, ಲೆನೊವೊ ಎಲ್ಲರಿಗೂ ವಿದ್ಯಾರ್ಥಿಗಳ ಪ್ರತ್ಯೇಕ ಮಳಿಗೆ ಇದೆ. ಅಲ್ಲಿಯ ದರ ನೋಡಿ ಖುಷಿಪಡುವ ಮುಂಚೆ ಅದೇ ಕಂಪನಿ ದುರಸ್ತಿ ಮಾಡಿ ವಾರಂಟಿ ಸಮೇತ ಮಾರುವ ಯಂತ್ರಗಳ ದರವನ್ನೂ ನೋಡಿ. ವಿದ್ಯಾರ್ಥಿ ದರಕ್ಕಿಂತ ಅದೇ ಕಡಿಮೆ ಇರುವುದುಂಟು. ನಮ್ಮ ಕೆಲಸಕ್ಕೆ ಹೊಳೆಯುವ ಹೊಸ ಮಾದರಿಗಿಂತ ರ‍್ಯಾಮ್ ಜಾಸ್ತಿ ಇರುವ ಹಳೆಯ ಮಾದರಿ ಮೇಲು.

ಕೊನೆಯ ವರ್ಷದವರಿಗೆ ಕೆಲವು ಕೆಲಸ ಇವೆ, ನಾನೂ ಈಗ ಅದರಲ್ಲೇ ಇದ್ದೇನೆ. ವಿಶ್ವವಿದ್ಯಾಲಯದ ಇಮೇಲ್ ಓದು ಮುಗಿದ ಮೇಲೆ ಎಷ್ಟು ದಿನ ಇರುತ್ತದೆ ಎಂದು ಈಗಲೇ ವಿಚಾರಿಸಿ. ಗಿಟ್‌ಹಬ್, ಫಿಗ್ಮಾ, ನೋಷನ್ ಖಾತೆಗಳು ಆ ಇಮೇಲ್‌ಗೆ ಮಾತ್ರ ಅಂಟಿಕೊಂಡಿದ್ದರೆ ಸ್ವಂತ ಇಮೇಲ್ ಸೇರಿಸಿ, ಇಲ್ಲವೇ ಫೈಲ್‌ಗಳನ್ನು ಇಳಿಸಿಟ್ಟುಕೊಳ್ಳಿ. ಮೊದಲ ವರ್ಷದವರು ಖಾತೆಯನ್ನೇ ಸ್ವಂತ ಇಮೇಲ್‌ನಲ್ಲಿ ತೆರೆದು, ವಿಶ್ವವಿದ್ಯಾಲಯದ್ದನ್ನು ಎರಡನೆಯದಾಗಿ ಸೇರಿಸಿದರೆ ಈ ತಲೆನೋವೇ ಇರುವುದಿಲ್ಲ. ರೆವಿಟ್ ಪ್ರಾಜೆಕ್ಟ್‌ಗಳನ್ನು ಪಿಡಿಎಫ್ ಮತ್ತು ಐಎಫ್‌ಸಿ (ಬೇರೆ ಸಾಫ್ಟ್‌ವೇರ್‌ಗಳಲ್ಲೂ ತೆರೆಯುವ ಕಟ್ಟಡ ಮಾದರಿಯ ಫೈಲ್) ರೂಪದಲ್ಲೂ ಇಟ್ಟುಕೊಳ್ಳಿ, ಲೈಸೆನ್ಸ್ ಹೋದ ಮೇಲೂ ನಿಮ್ಮ ಕೆಲಸ ನಿಮಗೆ ಕಾಣಿಸಬೇಕು. ಆಟೋ ರಿನ್ಯೂ ಆಗುವ ಪ್ಲಾನ್‌ಗಳ ತಾರೀಖನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ವಾರ ಮುಂಚೆಯೇ ಗುರುತು ಮಾಡಿ.

ಮತ್ತೆ ರೈನೋ, 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್. ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ವಿದ್ಯಾರ್ಥಿ ದರದಲ್ಲಿ ಒಮ್ಮೆ ಕೊಂಡರೆ ಆ ಲೈಸೆನ್ಸ್‌ಗೆ ಅವಧಿಯೇ ಇಲ್ಲ. ಚಂದಾ ಇಲ್ಲ, ವರ್ಷ ವರ್ಷ ದಾಖಲೆ ಕೊಡುವುದಿಲ್ಲ, ಓದು ಮುಗಿದರೂ ನಿಲ್ಲುವುದಿಲ್ಲ. ಇಲ್ಲಿ ಉಚಿತವಲ್ಲದ, ಆದರೂ ನಾನು ಮನಸಾರೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಒಂದೇ ರಿಯಾಯಿತಿ ಇದು. ಮೊದಲ ವರ್ಷದಲ್ಲೇ ಕೊಳ್ಳಬೇಕಿಲ್ಲ. 90 ದಿನದ ಪ್ರಯೋಗ ಆವೃತ್ತಿ ಇದೆ, ಲ್ಯಾಬ್‌ನಲ್ಲೂ ಸಿಗಬಹುದು, ಅದರಲ್ಲಿ ಕಲಿಯಿರಿ. ನಿಮಗೆ ಹೊಂದುತ್ತದೆ ಅನ್ನಿಸಿದರೆ, ಕಾರ್ಡ್ ಕೈಯಲ್ಲಿ ಇರುವ ಕೊನೆಯ ಸೆಮಿಸ್ಟರ್‌ನಲ್ಲಿ, ಆಗ ಇರುವ ಹೊಸ ಆವೃತ್ತಿಯನ್ನು ಕೊಳ್ಳಿ. ನಾನು ಈ ತಿಂಗಳು ಅದನ್ನೇ ಮಾಡುತ್ತಿದ್ದೇನೆ.